ಹೊಳಪಿನ ಮೇಲೆ ಕಪ್ಪು ನಿಲ್ಲುವುದು ಹೇಗೆ?

ಹಲಸೂರಿನಿಂದ ಹೊರಟು, ಇಂದಿರಾನಗರದ ಅಂಚು ಹಿಡಿದು, ಟಿನ್ ಫ್ಯಾಕ್ಟರಿ ದಾಟಿ ಕೃಷ್ಣರಾಜಪುರದ ಕಡೆಗೆ ಸಾಗುವ ಹಳೆಯ ಮದ್ರಾಸ್ ರಸ್ತೆಯನ್ನು ನೀವು ಬಲ್ಲಿರಿ. ಆ ರಸ್ತೆಯಲ್ಲಿ ಓಡಾಡುವ ಲಾರಿ, ಟೆಂಪೋ, ಪಿಕಪ್ ವಾಹನಗಳ ಮುಖವನ್ನು ಒಮ್ಮೆ ಗಮನಿಸಿ. ಗಾಜಿನ ಕೆಳಗೆ, ಜಾಲರಿಯ ನಡುವೆ, ಬೆಳ್ಳಿಯಂತೆ ಹೊಳೆಯುವ ಲಾಂಛನವೊಂದು ಇರುತ್ತದೆ. ಕೆಲವು ವಾಹನಗಳಲ್ಲಿ ಈ ಹೊಳಪು ಮರೆಯಾಗಿ ಲಾಂಛನ ಕಡುಗಪ್ಪಾಗಿರುವುದನ್ನೂ ನೀವು ಕಂಡಿರಬಹುದು. ಹೊಸ ವಾಹನಕ್ಕೆ ದೃಷ್ಟಿ ತಾಗದಿರಲೆಂದು ಕಪ್ಪು ದಾರ ಕಟ್ಟುವ ನಾಡು ನಮ್ಮದು. ಈಗ ಕಪ್ಪೇ ಅಲಂಕಾರವೂ ಆಗಿದೆ. ಹಲವರು ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅಂಗಡಿಯಿಂದ ಒಂದು ಡಬ್ಬಿ ಸ್ಪ್ರೇ ಬಣ್ಣ ತಂದರೆ ಸಾಕು ಎಂಬುದು ಅವರ ಎಣಿಕೆ.

ಹೀಗೆ ಬಳಿದ ಬಣ್ಣ ಕೆಲವೆಡೆ ವರ್ಷಗಟ್ಟಲೆ ನಿಲ್ಲುತ್ತದೆ. ಕೆಲವೆಡೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಾವಿನ ಪೊರೆಯಂತೆ ಕಳಚಿ ಬೀಳುತ್ತದೆ. ಡಬ್ಬಿ ಅದೇ, ಬಣ್ಣ ಅದೇ, ಲಾಂಛನವೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಬಣ್ಣ ಬಳಿಯುವ ಮೊದಲು ಮಾಡುವ, ಯಾರ ಕಣ್ಣಿಗೂ ಬೀಳದ ಕೆಲಸದಲ್ಲಿದೆ. ಆ ಕೆಲಸದ ಹಿಂದಿನ ವಿಜ್ಞಾನ ಯಾವುದು, ಅದನ್ನು ಮನೆಯಲ್ಲಿ ಮಾಡುವಾಗ ಯಾವ ಎಚ್ಚರ ಬೇಕು ಎಂಬುದನ್ನು ಇಲ್ಲಿ ನೋಡೋಣ.

ಬಣ್ಣದ ಹೆಸರಿನ ಲೋಹ

ಲಾಂಛನದ ಹೊಳಪಿಗೆ ಕಾರಣ ಕ್ರೋಮಿಯಂ. ಪರಮಾಣು ಸಂಖ್ಯೆ 24. ಫ್ರಾನ್ಸಿನ ರಸಾಯನ ವಿಜ್ಞಾನಿ ವೋಕ್ಲಾ 1797ರಲ್ಲಿ, ಸೈಬೀರಿಯಾದಿಂದ ಬಂದ ಕೆಂಪು ಖನಿಜವೊಂದರಲ್ಲಿ ಇದನ್ನು ಗುರುತಿಸಿದ. ಗ್ರೀಕ್ ಭಾಷೆಯಲ್ಲಿ ‘ಕ್ರೋಮ’ ಎಂದರೆ ಬಣ್ಣ. ಈ ಲೋಹದ ಸಂಯುಕ್ತಗಳು ನಾನಾ ಬಣ್ಣಗಳಲ್ಲಿ ಕಾಣಿಸಿಕೊಳ್ಳುವುದರಿಂದ ಆ ಹೆಸರು ಬಂತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಅದರಲ್ಲಿ ಬೆರೆತಿರುವ ಅತ್ಯಲ್ಪ ಕ್ರೋಮಿಯಮ್ಮೇ ಕಾರಣ. ನಮ್ಮ ದೇಶದಲ್ಲಿ ಇದರ ಅದಿರು ಹೆಚ್ಚಾಗಿರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ. ಕರ್ನಾಟಕದ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸುತ್ತಿನ ಶಿಲಾಪಟ್ಟಿಯಲ್ಲೂ ಅದು ದೊರೆಯುತ್ತದೆ.

ವಿಚಿತ್ರವೆಂದರೆ, ಬಣ್ಣದ ಹೆಸರನ್ನೇ ಹೊತ್ತ ಈ ಲೋಹ ತನ್ನ ಮೈಮೇಲೆ ಬೇರೆ ಬಣ್ಣ ನಿಲ್ಲಲು ಸುಲಭವಾಗಿ ಬಿಡುವುದಿಲ್ಲ. ಏಕೆ? ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಅದರ ಕವಚ. ಗಾಳಿಗೆ ತೆರೆದುಕೊಂಡ ಕೂಡಲೇ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯನ್ನು ಹೊದ್ದುಕೊಳ್ಳುತ್ತದೆ. ಕಬ್ಬಿಣದ ತುಕ್ಕು ಸಡಿಲವಾಗಿ ಉದುರಿಹೋಗುತ್ತದೆ. ಕ್ರೋಮಿಯಮ್ಮಿನ ಪೊರೆ ಹಾಗಲ್ಲ, ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಗೀಚಿ ತೆಗೆದರೆ ಮತ್ತೆ ಹುಟ್ಟುತ್ತದೆ. ಮಳೆ, ಧೂಳು, ಹೊಗೆ ಯಾವುದಕ್ಕೂ ಜಗ್ಗದ ಈ ಕವಚ ಬಣ್ಣದೊಡನೆಯೂ ಬೆರೆಯಲು ಒಲ್ಲದು.

ಎರಡನೆಯದು, ಅದರ ನುಣುಪು. ಮಣ್ಣಿನ ಗೋಡೆಗೆ ಸುಣ್ಣ ಬಳಿದರೆ ಹಿಡಿಯುತ್ತದೆ. ಗಾಜಿಗೆ ಬಳಿದರೆ ಒಣಗಿ ಉದುರುತ್ತದೆ. ಗೋಡೆಯಲ್ಲಿ ಸುಣ್ಣ ಇಳಿದು ಕೂರಲು ಸಣ್ಣ ಸಣ್ಣ ಕುಳಿಗಳಿವೆ, ಗಾಜಿನಲ್ಲಿಲ್ಲ. ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುವ ಕ್ರೋಮಿನ ಮೈಯೂ ಗಾಜಿನಂಥದ್ದೇ. ಬಣ್ಣಕ್ಕೆ ಕಾಲೂರಲು ಅಲ್ಲಿ ಜಾಗವಿಲ್ಲ.

ಲಾಂಛನದ ಒಳಗೇನಿದೆ?

ಆ ಹೊಳೆಯುವ ಲಾಂಛನ ಪೂರ್ತಿ ಕ್ರೋಮಿಯಮ್ಮಿನದೆಂದು ತಿಳಿಯಬೇಡಿ. ಹಳೆಯ ಲಾರಿಗಳ ಲಾಂಛನಗಳು ಹೆಚ್ಚಾಗಿ ಲೋಹದ ಎರಕ. ಈಚಿನವು ಬಹುಮಟ್ಟಿಗೆ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನವು. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ: ಲೋಹ ತಣ್ಣಗೆ, ಭಾರವಾಗಿರುತ್ತದೆ, ಪ್ಲಾಸ್ಟಿಕ್ ಹಗುರ, ಬೆರಳಿನಿಂದ ತಟ್ಟಿದರೆ ಮಂದ ಸದ್ದು ಬರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಕ್ರೋಮಿಯಂ, ಹೀಗೆ ಪದರ ಪದರವಾಗಿ ವಿದ್ಯುತ್ ಹಾಯಿಸಿ ಲೇಪಿಸಿರುತ್ತಾರೆ. ಅಲಂಕಾರದ ಕ್ರೋಮಿನ ಪದರ ಸಾಮಾನ್ಯವಾಗಿ 0.1ರಿಂದ 0.5 ಮೈಕ್ರಾನ್ ದಪ್ಪ. ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ 0.3 ಮೈಕ್ರಾನಿನ ಇನ್ನೂರಕ್ಕೂ ಹೆಚ್ಚು ಕ್ರೋಮ್ ಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಕೂದಲಿನ ದಪ್ಪವಾದೀತು!

ಇಲ್ಲೊಂದು ಸ್ವಾರಸ್ಯವಿದೆ. ಪ್ಲಾಸ್ಟಿಕ್ಕಿಗೆ ಲೋಹವೂ ತಾನಾಗಿ ಅಂಟುವುದಿಲ್ಲ. ಆದ್ದರಿಂದ ಕಾರ್ಖಾನೆಯಲ್ಲಿ ಮೊದಲು ಪ್ಲಾಸ್ಟಿಕ್ಕನ್ನು ಪ್ರಬಲ ಆಮ್ಲದಲ್ಲಿ ಅದ್ದುತ್ತಾರೆ. ಎ.ಬಿ.ಎಸ್.ನಲ್ಲಿರುವ ರಬ್ಬರಿನ ಕಣಗಳನ್ನು ಆಮ್ಲ ಕರಗಿಸಿ, ಮೈತುಂಬ ಸೂಕ್ಷ್ಮ ಕುಳಿಗಳನ್ನು ಮಾಡುತ್ತದೆ. ಲೋಹ ಆ ಕುಳಿಗಳಲ್ಲಿ ಬೇರುಬಿಟ್ಟು ನಿಲ್ಲುತ್ತದೆ. ಮುಟ್ಟಿದರೆ ಜಾರುವ ಆ ನುಣುಪಿನ ಅಡಿಯಲ್ಲಿ ಹೀಗೆ ಒರಟು ನೆಲವಿದೆ. ನಾವು ಬಣ್ಣ ಬಳಿಯುವಾಗಲೂ ಮಾಡಬೇಕಾದ್ದು ಇದನ್ನೇ: ಮೊದಲು ಒರಟು, ಆಮೇಲೆ ಬಣ್ಣ.

ಮೊದಲ ಹೆಜ್ಜೆ: ಜಿಡ್ಡು ತೆಗೆಯುವುದು

ಸಾಧ್ಯವಾದರೆ ಲಾಂಛನವನ್ನು ವಾಹನದಿಂದ ಬಿಡಿಸಿಕೊಳ್ಳಿ. ತಿರುಪಿನಿಂದ ಕೂರಿಸಿದ್ದರೆ ಸುಲಭ. ಅಂಟಿನ ಪಟ್ಟಿಯಿಂದ ಹಚ್ಚಿದ್ದರೆ, ಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಬಿಸಿ ಮಾಡಿ, ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆಯಬೇಕು. ಎ.ಬಿ.ಎಸ್. ಸುಮಾರು 100 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ. ಆದ್ದರಿಂದ ಬೆಂಕಿ ಹಿಡಿಯುವುದು ಬೇಡ. ಬಿಡಿಸಲಾಗದಿದ್ದರೆ ಸುತ್ತಲಿನ ಜಾಗಕ್ಕೆ ಕಾಗದ ಮತ್ತು ಮಾಸ್ಕಿಂಗ್ ಟೇಪು ಅಂಟಿಸಿ ಮುಚ್ಚಬೇಕು.

ನಮ್ಮ ವಾಹನಗಳ ಲಾಂಛನಕ್ಕೆ ಒಂದು ವಿಶೇಷವುಂಟು. ಆಯುಧಪೂಜೆಯ ದಿನ ಗಂಧ, ಕುಂಕುಮ, ವಿಭೂತಿ ಬೀಳುವುದು ಅದರ ಮೇಲೆಯೇ. ಇಡೀ ವರ್ಷ ಅಗರಬತ್ತಿಯ ಹೊಗೆಯೂ ತಾಗುತ್ತದೆ. ಇದರ ಜೊತೆಗೆ ರಸ್ತೆಯ ಡೀಸೆಲ್ ಮಸಿ, ಪಾಲಿಶಿನ ಮೇಣ. ಅಕ್ಷರಗಳ ಸಂದಿಯಲ್ಲಿ ಇವೆಲ್ಲ ಜಿಡ್ಡಾಗಿ ಕೂತಿರುತ್ತವೆ. ಪಾತ್ರೆ ತೊಳೆಯುವ ಸಾಬೂನು, ಬೆಚ್ಚನೆಯ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟು ಸಾಕು. ತಿನ್ನರ್ ಸುರಿದು ಒರೆಸುವ ಅಭ್ಯಾಸ ಕೆಲವರಿಗಿದೆ. ಲೇಪ ಬಿರಿದಿರುವ ಕಡೆ ತಿನ್ನರ್ ಒಳಗಿಳಿದು ಪ್ಲಾಸ್ಟಿಕ್ಕನ್ನೇ ಕರಗಿಸೀತು. ಅಸಿಟೋನ್‌ಗೂ ಇದೇ ಮಾತು.

ಜಿಡ್ಡು ಹೋಯಿತೆಂದು ತಿಳಿಯುವುದು ಹೇಗೆ? ಶುದ್ಧ ನೀರನ್ನು ಮೇಲೆ ಸುರಿಯಿರಿ. ನೀರು ತೆಳುವಾದ ಹಾಳೆಯಂತೆ ಎಲ್ಲೆಡೆ ಹರಡಿಕೊಂಡರೆ ಮೈ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಅಲ್ಲಿ ಇನ್ನೂ ಜಿಡ್ಡಿದೆ. ಹನಿ ನಿಂತ ಕಡೆ ನೀರು ಒದ್ದೆ ಮಾಡಲಾರದು, ಬಣ್ಣವೂ ಮಾಡಲಾರದು. ವಿಮಾನದ ಭಾಗಗಳಿಗೆ ಬಣ್ಣ ಕೊಡುವ ಮೊದಲೂ ಪರಿಣತರು ಇಂಥದೇ ನೀರಿನ ಪರೀಕ್ಷೆ ಮಾಡುತ್ತಾರೆ. ನಿಮ್ಮ ಬಚ್ಚಲಮನೆಯಲ್ಲಿ ಒಂದು ಚೊಂಬು ನೀರಿನಿಂದ ಇದು ಸಾಧ್ಯ.

ಎರಡನೆಯ ಹೆಜ್ಜೆ: ಹೊಳಪನ್ನು ಮುರಿಯುವುದು

ಈಗ ವಾಟರ್ ಪೇಪರ್ ಬೇಕು. ನೀರಿನಲ್ಲಿ ನೆನೆಸಿ ಉಜ್ಜುವ ಎಮರಿ ಕಾಗದವಿದು. ಅದರ ಬೆನ್ನಿನ ಮೇಲಿನ ಸಂಖ್ಯೆ ಹೆಚ್ಚಾದಷ್ಟೂ ಕಾಳು ಸಣ್ಣದು. ಮೊದಲು 400, ಆಮೇಲೆ 600. ಒತ್ತಿ ತಿಕ್ಕಬೇಡಿ, ಹಗುರವಾಗಿ, ಸುತ್ತು ಸುತ್ತಾಗಿ ಉಜ್ಜಿ. ಕನ್ನಡಿಯಂತಿದ್ದ ಮೈ ಎಲ್ಲೆಡೆ ಒಂದೇ ಸಮನಾಗಿ ಮಂಕಾಗಬೇಕು. ಸಂದಿಯಲ್ಲಿ ಒಂದು ಕಡೆ ಹೊಳಪು ಉಳಿದರೂ ಮುಂದೆ ಬಣ್ಣ ಏಳುವುದು ಅಲ್ಲಿಂದಲೇ.

ಉಜ್ಜುವಾಗ ಮೈ ತುಸು ಹಳದಿ ಛಾಯೆಗೆ ತಿರುಗಿದರೆ ನಿಕ್ಕಲ್ ಕಂಡಿತೆಂದು ಅರ್ಥ. ಗಾಬರಿ ಬೇಡ. ಕೆಂಪಾಗಿ ತಾಮ್ರ ಕಂಡರೆ ಅತಿಯಾಯಿತು, ಅಲ್ಲಿಗೆ ನಿಲ್ಲಿಸಿ. ಲೇಪ ಮೊದಲೇ ಗುಳ್ಳೆ ಎದ್ದಿದ್ದರೆ ಸಡಿಲವಾದ ಚೂರುಗಳನ್ನು ಪೂರ್ತಿ ತೆಗೆಯಬೇಕು. ಅವುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ, ಕೈಗವಸು ಇರಲಿ. ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ ಎಂಬುದೂ ನೆನಪಿರಲಿ.

ಒಣಗಿದ ಮೇಲೆ ಪ್ರೈಮರ್. ಅದು ಕೆಳಗಿನ ಮೈಗೂ ಮೇಲಿನ ಬಣ್ಣಕ್ಕೂ ನಡುವೆ ನಿಂತು ಇಬ್ಬರನ್ನೂ ಹಿಡಿದುಕೊಳ್ಳುವ ಮಧ್ಯಸ್ಥ. ಲೇಪ ಹೋಗಿ ಪ್ಲಾಸ್ಟಿಕ್ ಕಾಣುತ್ತಿದ್ದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಕೇಳಿ ಕೊಳ್ಳಿ. ಎರಡು ತೆಳುವಾದ ಲೇಪ ಸಾಕು.

ಮೂರನೆಯ ಹೆಜ್ಜೆ: ಕಪ್ಪು

ಕಪ್ಪು ಬಣ್ಣದ ಪುಡಿ ಸಾಮಾನ್ಯವಾಗಿ ಇಂಗಾಲದ ಮಸಿ. ದೀಪದ ಹೊಗೆ ಹಿಡಿದು ಮಾಡುತ್ತಿದ್ದ ಕಾಡಿಗೆಯ ಹತ್ತಿರದ ನಂಟು ಅದಕ್ಕಿದೆ. ಬಿಸಿಲಿಗೆ ಅದು ಸುಲಭವಾಗಿ ಮಾಸುವುದಿಲ್ಲ. ಡಬ್ಬಿಯನ್ನು ಚೆನ್ನಾಗಿ ಕುಲುಕಿ, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಲಾಂಛನದ ಆಚೆಯಿಂದ ಆರಂಭಿಸಿ ಈಚೆಗೆ ದಾಟುವಂತೆ ಕೈ ಆಡಿಸಿ. ಒಂದೇ ಸಲಕ್ಕೆ ಕಪ್ಪಾಗಬೇಕೆಂಬ ಆತುರ ಬೇಡ. ದಪ್ಪ ಲೇಪದ ಮೇಲ್ಭಾಗ ಮೊದಲು ಒಣಗಿ, ಒಳಗಿನ ದ್ರಾವಕ ಸಿಕ್ಕಿಬಿದ್ದು ಗುಳ್ಳೆಗಳಾಗುತ್ತವೆ. ಇಲ್ಲವೇ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಮೂರು ನಾಲ್ಕು ತೆಳು ಲೇಪ, ನಡುನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಡಬ್ಬಿಯ ಮೇಲೆ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ. ಕೊನೆಗೆ ಬಣ್ಣವಿಲ್ಲದ ವಾರ್ನಿಷಿನ ಒಂದೆರಡು ಲೇಪ ಕೊಟ್ಟರೆ ಗೀರುಗಳಿಂದ ರಕ್ಷಣೆ.

ಮುಟ್ಟಿದರೆ ಕೈಗೆ ಅಂಟದಿರುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಬಹಳ ಅಂತರವಿದೆ. ಒಂದು ದಿನ ಬಿಟ್ಟು ಲಾಂಛನವನ್ನು ಮತ್ತೆ ಕೂರಿಸಿ. ಒಂದು ವಾರ ವಾಹನಕ್ಕೆ ನೀರಿನ ಕೊಳವೆ ಹಿಡಿಯಬೇಡಿ.

ಬೆಂಗಳೂರಿನಲ್ಲಿ ಹವೆಯನ್ನೂ ನೋಡಬೇಕು. ಮಳೆಗಾಲದ ತೇವದ ಸಂಜೆ ಬಣ್ಣ ಬಳಿದರೆ ಕಪ್ಪಿನ ಮೇಲೆ ಹಾಲಿನಂಥ ಬಿಳಿ ಮಬ್ಬು ಕವಿಯಬಹುದು. ದ್ರಾವಕ ಆವಿಯಾಗುವಾಗ ಮೈಯಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ. ತಣ್ಣಗಾದ ಮೈಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂತು, ಒಣಗುತ್ತಿರುವ ಬಣ್ಣದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಒಣಹವೆಯ ದಿನ, ಬಿಸಿಲೇರಿದ ಮೇಲೆ, ನೆರಳಿನಲ್ಲಿ ಕೆಲಸ ಮಾಡುವುದು ಲೇಸು.

ನೀವೇ ಮಾಡಿ ನೋಡಿ

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳು ಸಿಗುತ್ತವೆ. ಕ್ರೋಮ್ ಲೇಪದ ಮುರಿದ ತುಂಡೊಂದನ್ನು ರಸೀದಿ ಪಡೆದು ಕೊಂಡು ತನ್ನಿ. ಟೇಪಿನಿಂದ ಮೂರು ಭಾಗ ಮಾಡಿ. ಮೊದಲ ಭಾಗವನ್ನು ತೊಳೆದು ಹಾಗೆಯೇ ಬಣ್ಣ ಹಾಕಿ. ಎರಡನೆಯದನ್ನು ತೊಳೆದು, ಉಜ್ಜಿ ಹಾಕಿ. ಮೂರನೆಯದನ್ನು ತೊಳೆದು, ಉಜ್ಜಿ, ಪ್ರೈಮರ್ ಕೊಟ್ಟು ಹಾಕಿ. ಒಂದು ವಾರ ಕಾದು, ಹಿರಿಯರ ಸಹಾಯದಿಂದ ಬ್ಲೇಡಿನಲ್ಲಿ ಎರಡೆರಡು ಮಿಲಿಮೀಟರಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆಯಿರಿ. ಚೌಕಗಳ ಮೇಲೆ ಅಂಟುಪಟ್ಟಿ ಒತ್ತಿ, ಒಂದೇ ಏಟಿಗೆ ಕಿತ್ತು ತೆಗೆಯಿರಿ. ಪ್ರತಿ ಭಾಗದಲ್ಲೂ ಎಷ್ಟು ಚೌಕ ಉಳಿದವೆಂದು ಎಣಿಸಿ ಬರೆದಿಡಿ. ಬಣ್ಣದ ಕಾರ್ಖಾನೆಗಳ ಪ್ರಯೋಗಶಾಲೆಯಲ್ಲಿ ಅಂಟುಶಕ್ತಿಯನ್ನು ಅಳೆಯುವ ಒಂದು ಕ್ರಮವೂ ಇದೇ. ನಿಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗುವುದು ಕಷ್ಟ.

ಮಾಡಬಾರದ ಕೆಲಸಗಳು

ಉಜ್ಜುವ ಶ್ರಮ ತಪ್ಪಿಸಲು ಕೆಲವರು ಕ್ರೋಮನ್ನೇ ಕಿತ್ತುಹಾಕಲು ಹೊರಡುತ್ತಾರೆ. ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ಅದ್ದುತ್ತಾರೆ, ಇಲ್ಲವೇ ಕಾಸ್ಟಿಕ್ ಸೋಡ ಬೆರೆಸಿದ ನೀರಿಗೆ ಬ್ಯಾಟರಿ ಚಾರ್ಜರ್ ಜೋಡಿಸುತ್ತಾರೆ. ಎರಡನ್ನೂ ಮನೆಯಲ್ಲಿ ಮಾಡಲೇಬೇಡಿ. ಆಸಿಡ್ ಕಣ್ಣು, ಚರ್ಮ, ಶ್ವಾಸಕೋಶಗಳನ್ನು ಸುಡುತ್ತದೆ. ಬ್ಯಾಟರಿಯ ಉಪಾಯ ಇನ್ನೂ ಕೆಟ್ಟದು. ಲೋಹವಾಗಿ ಕುಳಿತಿದ್ದ ಕ್ರೋಮಿಯಂ ಆಗ ನೀರಿನಲ್ಲಿ ಕರಗಿ, ಆರು ವೇಲೆನ್ಸಿಯ ಕ್ರೋಮಿಯಂ ಆಗಿ ನೀರನ್ನು ಹಳದಿ ಮಾಡುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿರ್ಣಯಿಸಿರುವ ವಸ್ತು.

ಒಂದು ಲೆಕ್ಕ ಹಾಕೋಣ. ಲಾಂಛನದ ಮೈ 100 ಚದರ ಸೆಂಟಿಮೀಟರ್, ಕ್ರೋಮಿನ ದಪ್ಪ 0.3 ಮೈಕ್ರಾನ್, ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ ಎಂದಿಟ್ಟುಕೊಳ್ಳಿ. ಒಟ್ಟು ಕ್ರೋಮಿಯಂ ಕೇವಲ 20 ಮಿಲಿಗ್ರಾಂ ಚಿಲ್ಲರೆ. ಆದರೆ ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಮನ್ನು ಮೀರಬಾರದು. ಭಾಗಿಸಿ ನೋಡಿ: ಕರಗಿದ ಒಂದೇ ಲಾಂಛನ 400 ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು!

ಆ ನೀರು ಎಲ್ಲಿಗೆ ಹೋಗುತ್ತದೆ? ಪೂರ್ವ ಬೆಂಗಳೂರಿನ ಬಹುಭಾಗದ ಚರಂಡಿ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಹಾದಿ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳ ಕಡೆಗೆ ಇಳಿಯುತ್ತದೆ. ಇದೇ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ನಿಮ್ಮ ಮನೆಯ ಚರಂಡಿಯ ಬಾಯಿ ಕೋಲಾರದ ಹೊಲದ ಅಂಚಿನವರೆಗೂ ಚಾಚಿದೆ ಎಂದಾಯಿತು. ಕೈಯಲ್ಲಿ ಉಜ್ಜಿದಾಗ ಬರುವ ಲೋಹದ ಪುಡಿ ಇಷ್ಟು ಅಪಾಯದ್ದಲ್ಲ, ನೀರಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಆದರೂ ಉಜ್ಜಿದ ನೀರನ್ನು ಒಂದು ಬೋಗುಣಿಯಲ್ಲಿ ಹಿಡಿದು, ಪುಡಿ ತಳಕ್ಕೆ ಇಳಿದ ಮೇಲೆ ಹಳೆಯ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನೂ ಖಾಲಿ ಡಬ್ಬಿಯನ್ನೂ ಬೇರೆಯಾಗಿ ಕಟ್ಟಿಟ್ಟು, ಅಪಾಯಕಾರಿ ಕಸವೆಂದು ಹೇಳಿ ಕೊಡಿ. ಒಣಗಿಸಿ ಉಜ್ಜಿದರೆ ಅದೇ ಪುಡಿ ಉಸಿರಿಗೆ ಸೇರುತ್ತದೆ. ನೀರಿನಲ್ಲಿ ನೆನೆಸಿ ಉಜ್ಜಬೇಕೆನ್ನುವುದು ಇದಕ್ಕಾಗಿಯೂ ಹೌದು.

ಉಸಿರಿನ ವಿಷಯದಲ್ಲಿ ಇನ್ನೊಂದು ಮಾತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಧೂಳು ಸ್ವಲ್ಪ ತಡೆದೀತು, ದ್ರಾವಕದ ಆವಿ ತಡೆಯದು. ಅದಕ್ಕೆ ಇದ್ದಿಲಿನ ಸೋಸುಕವಿರುವ ಮುಖವಾಡವೇ ಬೇಕು. ಬಣ್ಣದ ಕೆಲಸ ತಾರಸಿಯ ಮೇಲೋ ಅಂಗಳದಲ್ಲೋ ಆಗಲಿ, ಕೋಣೆಯಲ್ಲಿ ಬೇಡ. ಸ್ಪ್ರೇ ಡಬ್ಬಿಯ ಅನಿಲ ಹೊತ್ತಿಕೊಳ್ಳುವಂಥದ್ದು. ಹತ್ತಿರ ಒಲೆ, ದೀಪ, ಅಗರಬತ್ತಿ ಇರಬಾರದು. ಗ್ಯಾರೇಜುಗಳಲ್ಲಿ ಗಟ್ಟಿಕಾರಕ ಬೆರೆಸಿ ಬಳಸುವ ಎರಡು ಡಬ್ಬಿಯ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಬ್ಬಸ ತರಬಲ್ಲದು. ಅದು ಪರಿಣತರ ಕೆಲಸ, ಮನೆಯದಲ್ಲ. ದಿನವಿಡೀ ಇಂಥ ಆವಿಯ ನಡುವೆ ದುಡಿಯುವ ಪೇಂಟರುಗಳಿಗೂ ಸರಿಯಾದ ಮುಖವಾಡ ಬೇಕೆಂಬುದನ್ನು ಗ್ರಾಹಕರಾದ ನಾವು ಕೇಳಬೇಕು.

ಲಾಂಛನವೂ ಕಾನೂನೂ

ಲಾಂಛನವೆಂದರೆ ವಾಹನದ ಗುರುತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿದಾಗ ಆ ಲಾರಿಗಳ ಮುಖದ ಮೇಲೆ ಮೂರು ಮೊನೆಯ ನಕ್ಷತ್ರವಿತ್ತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಇಳಿದು ಟಾಟಾದ ಸ್ವಂತ ಗುರುತು ಬಂತು. ನೀವು ಲಾಂಛನದ ಬಣ್ಣ ಬದಲಿಸುತ್ತಿದ್ದೀರಿ, ಗುರುತನ್ನಲ್ಲ. ಆದರೂ ವಾಹನ ನಿಮ್ಮದಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪಡೆಯಿರಿ. ಉಜ್ಜಿದ ಕ್ರೋಮ್ ಮತ್ತೆ ಹೊಳೆಯುವುದಿಲ್ಲ. ಮನಸ್ಸು ಗಟ್ಟಿಯಿಲ್ಲದವರು, ಬೇಡವಾದಾಗ ಸುಲಿದು ತೆಗೆಯಬಹುದಾದ ರಬ್ಬರಿನಂಥ ಬಣ್ಣವನ್ನೋ ಕಪ್ಪು ವಿನೈಲ್ ಹಾಳೆಯನ್ನೋ ಆರಿಸಿಕೊಳ್ಳುವುದು ಜಾಣತನ.

ಕೈ ಓಡುತ್ತಿದೆಯೆಂದು ಬಣ್ಣವನ್ನು ಮುಂದುವರಿಸಬೇಡಿ. ನೋಂದಣಿ ಪತ್ರದಲ್ಲಿ ವಾಹನದ ಬಣ್ಣ ನಮೂದಾಗಿರುತ್ತದೆ. ಇಡೀ ವಾಹನದ ಬಣ್ಣ ಬದಲಿಸುವುದಾದರೆ ಸಾರಿಗೆ ಕಚೇರಿಗೆ ಹೋಗಬೇಕು. ದೀಪಗಳು, ಪ್ರತಿಫಲಕಗಳು, ಹೊಳೆಯುವ ಪಟ್ಟಿಗಳು, ನಂಬರ್ ಪ್ಲೇಟು, ಇವುಗಳ ಮೇಲೆ ಒಂದು ಹನಿ ಕಪ್ಪೂ ಬೀಳಬಾರದು. ಕತ್ತಲ ರಸ್ತೆಯಲ್ಲಿ ನಿಂತ ಲಾರಿಯನ್ನು ಹಿಂದಿನಿಂದ ಬರುವವನಿಗೆ ತೋರಿಸಿ ಜೀವ ಉಳಿಸುವುದು ಆ ಹೊಳಪು. ಲಾಂಛನದ ಹೊಳಪು ಶೋಭೆಗೆ, ಪ್ರತಿಫಲಕದ ಹೊಳಪು ಪ್ರಾಣಕ್ಕೆ.

ಹೀಗೆ ಲೆಕ್ಕ ಹಾಕಿದರೆ ಬಣ್ಣ ಬಳಿಯುವ ಕೆಲಸ ಒಂದು ಗಂಟೆಯದು. ತೊಳೆಯುವುದು, ಉಜ್ಜುವುದು, ಒಣಗಲು ಕಾಯುವುದು ದಿನಗಳದು. ನೋಡುವವರಿಗೆ ಕಾಣುವುದು ಆ ಒಂದು ಗಂಟೆ ಮಾತ್ರ. ಮಳೆಗಾಲಕ್ಕೆ ಉತ್ತರ ಹೇಳುವುದು ಉಳಿದ ದಿನಗಳು. ಮುಂದಿನ ಸಲ ಕಪ್ಪು ಲಾಂಛನದ ವಾಹನ ಎದುರಾದಾಗ ಅದರ ಬಣ್ಣವನ್ನಷ್ಟೇ ನೋಡಬೇಡಿ. ಅಕ್ಷರಗಳ ಸಂದಿಗಳನ್ನೂ ಅಂಚುಗಳನ್ನೂ ನೋಡಿ. ಮಾಡಿದವರು ಎಷ್ಟು ತಾಳ್ಮೆಯಿಂದ ಉಜ್ಜಿದ್ದಾರೆಂಬುದು ಅಲ್ಲಿ ತಿಳಿಯುತ್ತದೆ.